ಹತ್ತೊಂಬತ್ತನೇ ಗುಂಡಿಯ ಕ್ಷೇಮ ಸಮಾಚಾರ

ಜನವರಿ 9

ಮಾನ್ಯರೇ,

ನಿಮಗೆ ನನ್ನ ಪರಿಚಯವಿಲ್ಲ. ಕಂಟ್ರೋಲ್ ರೂಮಿನಲ್ಲಿ ನಿಮ್ಮ ಕುರ್ಚಿಯ ಮೇಲೆ ಈಗ ಕೂರುತ್ತಿರುವವಳು ನಾನು. ನೀವು ಬಿಟ್ಟುಹೋದ ದಿಂಬು ನಡುವೆ ತಗ್ಗು ಬಿದ್ದು ಇನ್ನೂ ಅಲ್ಲೇ ಇದೆ. ವಿಳಾಸ ಕೊಟ್ಟವರು ಇಂಜಿನಿಯರ್ ಸಾಹೇಬರು. "ಗಂಟಲಿನ ಆಪರೇಷನ್ ಆದ್ಮೇಲೆ ಅವ್ರಿಗೆ ಮಾತು ಹೋಗಿದೆ. ಫೋನ್ ಮಾಡಿ ಪ್ರಯೋಜನ ಇಲ್ಲ, ಕಾಗದ ಬರಿ. ಆ ಮೆಸೇಜುಗಳ ಮರ್ಮ ಅವ್ರಿಗೆ ಬಿಟ್ರೆ ನಮಗ್ಯಾರಿಗೂ ಗೊತ್ತಿಲ್ಲ" ಅಂದರು.

ನನಗೆ ಎರಡೇ ದಿನ ತರಬೇತಿ ಕೊಟ್ಟರು. ಮೂರನೇ ದಿನ ಒಬ್ಬಳನ್ನೇ ಕೂರಿಸಿದರು. ಊರಿಗೆ ನೀರು ಬಿಡುವ ನಲವತ್ತಾರು ವಾಲ್ವ್ ಗುಂಡಿಗಳು, ಪ್ರತಿಯೊಂದರೊಳಗೂ ಒಂದು ಪೆಟ್ಟಿಗೆ, ಎಲ್ಲವೂ ಪರದೆಯ ಮೇಲೆ ಒಂದೇ ಸಮನೆ ಏನೋ ಹೇಳುತ್ತಿರುತ್ತವೆ. ಅವತ್ತೇ "ಗುಂಡಿ 31: ಸಂಪರ್ಕ ಕಡಿತ" ಎಂದು ಬಂತು. ಸಾಹೇಬರ ಕೋಣೆಗೆ ಓಡಿದೆ. ಅವರು ಬಂದು ನೋಡುವಷ್ಟರಲ್ಲಿ "ಸಂಪರ್ಕ ಮರಳಿದೆ" ಎಂದಿತ್ತು. ಹೀಗೆ ಒಂದೇ ಬೆಳಿಗ್ಗೆ ಮೂರು ಸಲ ಓಡಿದೆ. ಮೂರನೇ ಸಲ ಟೈಪಿಸ್ಟ್ ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಿದ್ದು ಕಂಡಿತು. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ, ಅಷ್ಟನ್ನು ಹೇಳಿಕೊಟ್ಟರೆ ಉಪಕಾರ ಮರೆಯುವುದಿಲ್ಲ.

ಈ ನೌಕರಿ ನನಗೆ ಹೇಗೆ ಬಂತೆಂದು ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮನೆಯವರು ಇಲ್ಲೇ ವಾಲ್ವ್‌ಮನ್ ಆಗಿದ್ದರು. ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು, ನಿಮಗೂ ನೆನಪಿರಬಹುದು. ಕಳೆದ ಜೂನ್ ಹನ್ನೊಂದರಂದು ಹತ್ತೊಂಬತ್ತನೇ ಗುಂಡಿಯಲ್ಲಿ ಕೆಟ್ಟ ಗಾಳಿ ಕುಡಿದು ತೀರಿಹೋದರು. ಅವರ ಬದಲಿಗೆ ನನಗೆ ಕೆಲಸ ಕೊಟ್ಟಿದ್ದಾರೆ. ವಿಚಾರಣೆಯ ವರದಿಯಲ್ಲಿ ಹೀಗಿದೆ: "ಮೃತರು ಯಾರಿಗೂ ತಿಳಿಸದೆ ಒಳಗೆ ಇಳಿದಿದ್ದಾರೆ. ಸಹಾಯದ ಸ್ವಿಚ್ ಒತ್ತಿಲ್ಲ. ಸಾವು ತಕ್ಷಣ ಸಂಭವಿಸಿದೆ. ಕಾರಣ: ಸ್ವಂತ ನಿರ್ಲಕ್ಷ್ಯ."

ಆ ಕೊನೆಯ ಎರಡು ಪದಗಳನ್ನು ನನ್ನ ಅತ್ತೆಗೆ ಯಾರೋ ಓದಿ ಹೇಳಿದರು. ಅವತ್ತೇ ಮಗನ ಫೋಟೋ ಗೋಡೆಯಿಂದ ತೆಗೆದು ಟ್ರಂಕಿಗೆ ಹಾಕಿದರು. "ಹೇಳ್ದೆ ಕೇಳ್ದೆ ಹೋಗೋದು ಅವನ ಹುಟ್ಟುಬುದ್ಧಿ. ಬಿದ್ರೂ ಎದ್ರೂ ಒಂದು ಸಲ ಅಮ್ಮಾ ಅಂತ ಕರೆದವನಲ್ಲ" ಎನ್ನುತ್ತಾರೆ. ಮನೆಯಲ್ಲಿ ಅವರ ಹೆಸರೆತ್ತುವಂತಿಲ್ಲ. ಆ ಸಾಲನ್ನು ತೆಗೆಸಬೇಕೆಂದು ಮರುವಿಚಾರಣೆಗೆ ಅರ್ಜಿ ಹಾಕಿದ್ದೇನೆ. ಏನಾಗುತ್ತದೋ ಗೊತ್ತಿಲ್ಲ. ಇದನ್ನೆಲ್ಲ ನಿಮಗೆ ಹೇಳಿ ಯಾಕೆ ತಲೆ ತಿನ್ನುತ್ತಿದ್ದೇನೋ, ಕ್ಷಮಿಸಿ.

ಗಂಟಲು ಬೇಗ ವಾಸಿಯಾಗಲಿ.

ಹೊಸ ಆಪರೇಟರ್

*

ಜನವರಿ 31

ತಂಗಿ,

ನಿನ್ನ ಕಾಗದ ಬಂದು ಎರಡು ವಾರ ದಾಟಿತು. ಇಲ್ಲಿ ಅಂಚೆಯವನು ಮನಸ್ಸು ಬಂದಾಗ ಬರುತ್ತಾನೆ. ಬರೆಯಲು ಕೂತಾಗಲೆಲ್ಲ ಏನಾದರೊಂದು ಅಡ್ಡ ಬಂತು. ನಾನಿರುವುದು ತಂಗಿಯ ಮನೆ. ಅವಳ ಮಕ್ಕಳು ನನ್ನ ಪೆನ್ನಿನ ಮೇಲೇ ಕಣ್ಣಿಟ್ಟಿರುತ್ತವೆ.

ದಿಂಬು ನೀನೇ ಇಟ್ಟುಕೋ. ಇಪ್ಪತ್ತೆರಡು ವರ್ಷ ನನ್ನ ಭಾರ ಹೊತ್ತಿದೆ, ನಿನ್ನದೇನು ಲೆಕ್ಕ.

ಈಗ ಪಾಠ. ಪ್ರತಿ ಕಾಲು ಗಂಟೆಗೊಮ್ಮೆ ಪ್ರತಿ ಪೆಟ್ಟಿಗೆಯೂ "ಸರಿ ಇದೆ" ಎನ್ನುತ್ತದೆ. ಅದನ್ನು ನಂಬಬೇಡ, ಹಾಗಂತ ಅನುಮಾನಿಸಲೂ ಬೇಡ. ನಾವು ಕಾಗದದ ತಲೆಯ ಮೇಲೆ "ಇಲ್ಲಿ ಎಲ್ಲರೂ ಕ್ಷೇಮ" ಎಂದು ಬರೆಯುತ್ತೇವಲ್ಲ, ಅದೂ ಅಂಥದ್ದೇ. ಮನೆಯಲ್ಲಿ ಜ್ವರ ಬಂದು ಮಲಗಿದವರಿದ್ದರೂ ಕೈ ತನ್ನಷ್ಟಕ್ಕೆ ಬರೆದುಬಿಡುತ್ತದೆ. ಪೆಟ್ಟಿಗೆಗೆ ಕರೆಂಟು ಇದೆ, ತಂತಿ ನೆಟ್ಟಗಿದೆ, ಇಷ್ಟೇ ಅದರ ಅರ್ಥ. ಗುಂಡಿಯಲ್ಲಿ ನೀರು ತುಂಬಿದೆಯೋ, ಮನುಷ್ಯ ಇದ್ದಾನೋ, ಅದಕ್ಕೆ ಗೊತ್ತಿಲ್ಲ. "ಸರಿ ಇದೆ" ಬಂದರೆ ಓದಬೇಡ, ಬರದಿದ್ದರೆ ಎದ್ದು ನಿಲ್ಲು.

"ಸಂಪರ್ಕ ಕಡಿತ" ಬಂದರೆ ಓಡಬೇಡ. ನಿಧಾನವಾಗಿ ಇಪ್ಪತ್ತು ಎಣಿಸು, ಬಹಳ ಸಲ ಅಷ್ಟರಲ್ಲಿ ಮರಳುತ್ತದೆ. ಲೈನ್ ಕೆಟ್ಟಿದ್ದರೆ ಅದು ಕಡಿತ, ಮರಳಿದೆ, ಕಡಿತ, ಮರಳಿದೆ ಎಂದು ದಿನವಿಡೀ ಕಿರುಚುತ್ತದೆ. ಕೆಟ್ಟ ಲೈನು ಸುಮ್ಮನಿರುವುದಿಲ್ಲ, ಇದನ್ನು ನೆನಪಿಡು. "ಗಡಿಯಾರ ತಿದ್ದಲಾಗಿದೆ" ಎಂದರೆ ಏನೂ ಅಲ್ಲ, ಪೆಟ್ಟಿಗೆಗಳು ತಮ್ಮ ಸಮಯವನ್ನು ದೊಡ್ಡ ಯಂತ್ರದ ಸಮಯಕ್ಕೆ ಹೊಂದಿಸಿಕೊಳ್ಳುತ್ತಿವೆ ಅಷ್ಟೆ. "ಬ್ಯಾಟರಿ ಕಡಿಮೆ" ಎಂದರೆ ಆ ವಾರದಲ್ಲಿ ಯಾರನ್ನಾದರೂ ಕಳಿಸಿದರೆ ಸಾಕು.

"ಮುಚ್ಚಳ ತೆರೆದಿದೆ" ಎಂದರೆ ಮಾತ್ರ ಕೈಯಲ್ಲಿರುವ ಟೀ ಕೆಳಗಿಡು. ನಮ್ಮಲ್ಲಿ ವಾಲ್ವ್‌ಮನ್‌ಗಳು ಇಳಿಯುವ ಮುಂಚೆ ಫೋನ್ ಮಾಡುವುದಿಲ್ಲ. ಮುಚ್ಚಳ ತೆರೆದರೆ ತಿಳಿಸಿದ ಹಾಗೇ, ಮೊದಲಿಂದ ನಡೆದುಬಂದ ರೂಢಿ. ಡ್ಯೂಟಿ ಪುಸ್ತಕದಲ್ಲಿ "ಒಳಗೆ" ಎಂದು ಬರೆದು, ಇಪ್ಪತ್ತು ನಿಮಿಷಕ್ಕೊಮ್ಮೆ ನೀನೇ ಅವನಿಗೆ ಫೋನ್ ಮಾಡಬೇಕು. ಕೆಂಪಕ್ಷರದಲ್ಲಿ "ಸಹಾಯ" ಎಂದು ಬಂದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಉದ್ದಣ್ಣನನ್ನು ಬಲ್ಲೆ. ಕಂಟ್ರೋಲ್ ರೂಮಿಗೆ ಬಂದಾಗಲೆಲ್ಲ ಬಾಗಿಲ ಚೌಕಟ್ಟಿಗೆ ಹಣೆ ಹೊಡೆದುಕೊಳ್ಳುತ್ತಿದ್ದ. "ಈ ಬಾಗಿಲು ಕಟ್ಟಿದವನು ಕುಳ್ಳ, ಕಟ್ಟಿಸಿದವನು ಜಿಪುಣ" ಎಂದು ಬೈದೇ ಒಳಗೆ ಬರುತ್ತಿದ್ದ.

ಸರ್, ಮಾನ್ಯರೇ ಎಲ್ಲ ಬೇಡ. ರೂಮಿನಲ್ಲಿ ಎಲ್ಲರೂ ಅಣ್ಣ ಎನ್ನುತ್ತಿದ್ದರು.

ಅಣ್ಣ

*

ಫೆಬ್ರವರಿ 12

ಅಣ್ಣ,

ನಿಮ್ಮ ಕಾಗದವನ್ನು ಮಡಚಿ ಕೀಬೋರ್ಡಿನ ಕೆಳಗೆ ಇಟ್ಟುಕೊಂಡಿದ್ದೇನೆ. ಈಗ ಯಾರೂ ನನ್ನನ್ನು ನೋಡಿ ನಗುವುದಿಲ್ಲ. ಮೊನ್ನೆ ಎಂಟನೇ ಗುಂಡಿಯಿಂದ "ಸರಿ ಇದೆ" ಬರಲಿಲ್ಲ. ಇಪ್ಪತ್ತು ಎಣಿಸಿದೆ, ಎದ್ದು ನಿಂತೆ, ಜನ ಕಳಿಸಿದೆ. ಪೆಟ್ಟಿಗೆಯ ಫ್ಯೂಸ್ ಹೋಗಿತ್ತು. ಸಾಹೇಬರು "ಪರವಾಗಿಲ್ವೇ" ಎಂದರು. ಅವರ ಬಾಯಿಂದ ಇಷ್ಟು ಬಂದರೆ ಹಬ್ಬ ಎಂದು ಟೈಪಿಸ್ಟ್ ಅಕ್ಕ ಹೇಳಿದಳು.

ಮನೆಗೆ ಬಂದು ಇದನ್ನು ಹೇಳಲು ಹೋದೆ. ಅತ್ತೆ ಬಟ್ಟೆ ಮಡಚುತ್ತಿದ್ದರು. "ಪೆಟ್ಟಿಗೆ ಕರೆದ್ರೆ ಓಡ್ತೀರಾ. ಒಳ್ಳೇದು" ಎಂದು ಒಳಗೆ ಹೋದರು. ರಾತ್ರಿಯ ಊಟಕ್ಕೆ ಕರೆದರೂ ಬರಲಿಲ್ಲ. ಮಗನ ಮೇಲಿನ ಸಿಟ್ಟು ಇಳಿದರೆ ದುಃಖ ಬರುತ್ತದೆ, ಅದಕ್ಕೇ ಸಿಟ್ಟನ್ನು ಬಿಡುತ್ತಿಲ್ಲ ಎಂದು ನನಗನಿಸುತ್ತದೆ. ಒಮ್ಮೆ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರೆ ಸಾಕೆನಿಸುತ್ತದೆ.

ಒಂದು ಸಂಶಯ ಕೇಳಲೇ? ಹತ್ತೊಂಬತ್ತು ಯಾಕೆ ಮಾತಾಡುವುದಿಲ್ಲ? ಗೋಡೆಯ ಪರದೆಯಲ್ಲಿ ಅದರ ಚುಕ್ಕಿ ಹಸಿರಾಗಿಯೇ ಇದೆ. ಆದರೆ ನಾನು ಬಂದ ಇಷ್ಟು ದಿನದಲ್ಲಿ ಒಂದು "ಸರಿ ಇದೆ" ಕೂಡ ಬಂದಿಲ್ಲ. ನಮ್ಮನೆಯವರು ಹೋದ ಮೇಲೆ ಅದನ್ನು ಮುಚ್ಚಿಬಿಟ್ಟಿರಬೇಕು ಎಂದುಕೊಂಡಿದ್ದೆ. ನಮ್ಮನೆಯವರ ಜಾಗಕ್ಕೆ ಬಂದವನೊಬ್ಬ ಇದ್ದಾನೆ, ಗಾಳಿ ಬೀಸಿದರೆ ಹಾರಿಹೋಗುವಂತಿದ್ದಾನೆ, ಅದಕ್ಕೇ ಎಲ್ಲರೂ ಪೈಲ್ವಾನ್ ಎನ್ನುತ್ತಾರೆ. ಅವನು ನಿನ್ನೆ ಹೇಳಿದ: "ಇಲ್ಲ ಅಕ್ಕಾ, ವಾರಕ್ಕೆರಡು ಸಲ ಇಳೀತೀನಿ. ಪೆಟ್ಟಿಗೆ ದೀಪ ಚೆನ್ನಾಗೇ ಮಿಣಮಿಣ ಅಂತಿದೆ." ಹಾಗಾದರೆ ಮಾತು ಯಾಕಿಲ್ಲ?

ಊಟ ಸರಿಯಾಗಿ ನುಂಗಲು ಆಗುತ್ತಿದೆಯೇ? ಬರೆಯಿರಿ.

ನಿಮ್ಮ ತಂಗಿ

*

ಫೆಬ್ರವರಿ 20

ತಂಗಿ,

ಎಂಟನೆಯದರ ವಿಷಯ ಓದಿ ಸಂತೋಷವಾಯಿತು.

ಹತ್ತೊಂಬತ್ತರ ಲೈನು ಹಳೆಯದು. ಅದನ್ನು ಹಚ್ಚಿಕೊಳ್ಳಬೇಡ. ಆದರೆ ಪೈಲ್ವಾನನಿಗೆ ಹೇಳು, ಅಲ್ಲಿಗೆ ಒಬ್ಬನೇ ಇಳಿಯಕೂಡದು. ಇಬ್ಬರು ಹೋಗಲಿ, ಇಳಿಯುವ ಮುಂಚೆ ನಿನಗೆ ಫೋನ್ ಮಾಡಲಿ, ಮೇಲೆ ಬಂದ ಮೇಲೂ ಮಾಡಲಿ. ನನ್ನ ಮೇಲೆ ಆಣೆ, ಇದನ್ನು ಇವತ್ತೇ ಹೇಳು.

ಪಂಪುಗಳ ಮೆಸೇಜುಗಳ ಬಗ್ಗೆ ಮುಂದೆ ಎಂದಾದರೂ ಬರೆಯುತ್ತೇನೆ. ನುಂಗಲು ಕಷ್ಟ, ಗಂಜಿ ಇಳಿಯುತ್ತದೆ.

ಅಣ್ಣ

ಇನ್ನೊಂದು ಮಾತು. ಪರದೆ ತೋರಿಸೆಂದದ್ದನ್ನು ಮಾತ್ರ ತೋರಿಸುತ್ತದೆ. ನೆಲಮಾಳಿಗೆಯಲ್ಲಿರುವ ದೊಡ್ಡ ಯಂತ್ರ ಮಾತ್ರ ಬಂದದ್ದನ್ನೆಲ್ಲ ಬರೆದಿಡುತ್ತದೆ, ಯಾರು ಬೇಡವೆಂದರೂ. ಸಂಶಯ ಬಂದರೆ ಅದನ್ನು ಕೇಳಬೇಕು. ಇದನ್ನು ಯಾಕೆ ಬರೆದೆನೋ ನನಗೇ ತಿಳಿಯದು. ಪಾಠ ಹೇಳುವ ಚಟ.

*

ಮಾರ್ಚ್ 2

ಅಣ್ಣ,

ಪೈಲ್ವಾನನಿಗೆ ಹೇಳಿದೆ. ಅವನು ಇನ್ನೊಬ್ಬನ ಜೊತೆಯಲ್ಲೇ ಹೋದ, ಫೋನ್ ಮಾಡಿದ. ನನಗೆ ತಡೆಯಲಾಗಲಿಲ್ಲ, ಒಂದು ಪರೀಕ್ಷೆ ಮಾಡಿದೆ. "ಮುಚ್ಚಳ ತೆಗಿ" ಅಂದೆ. ತೆಗೆದ. ಪರದೆಯಲ್ಲಿ ಏನೂ ಬರಲಿಲ್ಲ. "ಇಳಿದು ಸಹಾಯದ ಕೆಂಪು ಸ್ವಿಚ್ ಒತ್ತು" ಅಂದೆ. "ಒತ್ತಿದೆ ಅಕ್ಕಾ, ಬಂತಾ?" ಎಂದ. ಬರಲಿಲ್ಲ. "ಇನ್ನೊಂದು ಸಲ ಒತ್ತು" ಎಂದೆ. "ಒತ್ತೇ ಹಿಡ್ಕೊಂಡಿದೀನಿ, ಬೆರಳು ನೋಯ್ತಿದೆ" ಎಂದ. ಪರದೆಯಲ್ಲಿ ಹದಿನೆಂಟನೆಯದು ಸರಿ ಇತ್ತು, ಇಪ್ಪತ್ತನೆಯದು ಸರಿ ಇತ್ತು.

ಸಾಹೇಬರಿಗೆ ಹೇಳಿದರೆ "ಲೈನು ಕೆಟ್ಟಿರುತ್ತಮ್ಮ" ಎಂದರು. ಆದರೆ ಅಣ್ಣ, ಕೆಟ್ಟ ಲೈನು ಸುಮ್ಮನಿರುವುದಿಲ್ಲ ಎಂದು ಬರೆದವರು ನೀವೇ. ಇದು ಕಿರುಚುತ್ತಲೂ ಇಲ್ಲ. ಯಾರೋ ಇದರ ಬಾಯಿ ಮುಚ್ಚಿಸಿದ ಹಾಗಿದೆ.

ಅವರೂ ಅಲ್ಲಿ ಹೀಗೇ ಒತ್ತಿರಬಹುದೇ ಎಂಬ ಯೋಚನೆ ಬಂದಾಗಿನಿಂದ ಅನ್ನ ಸೇರುತ್ತಿಲ್ಲ. ಒತ್ತಿಲ್ಲ ಎಂದು ವರದಿ ಹೇಳುತ್ತದೆ. ಒತ್ತಿದ್ದರೂ ಪರದೆಗೆ ಬರುತ್ತಿರಲಿಲ್ಲ ಎಂದರೆ ಆ ವರದಿಗೆ ಏನು ಅರ್ಥ? ನೆಲಮಾಳಿಗೆಯ ಬೀಗದ ಕೈ ಕೇಳಿದ್ದೇನೆ. ಮುಂದಿನ ವಾರದೊಳಗೆ ಕೊಡುತ್ತೇನೆ ಎಂದಿದ್ದಾರೆ. ಆ ಯಂತ್ರದಲ್ಲಿ ಹುಡುಕುವುದು ಹೇಗೆಂದು ದಯವಿಟ್ಟು ಬೇಗ ಬರೆಯಿರಿ.

ನಿಮ್ಮ ತಂಗಿ

*

ಮಾರ್ಚ್ 8

ತಂಗಿ,

ಬಾಯಿ ಮುಚ್ಚಿಸಿದವನು ನಾನೇ.

ಹತ್ತೊಂಬತ್ತು ರಸ್ತೆಯ ತಿರುವಿನಲ್ಲಿದೆ. ಲಾರಿ ಹೋದಾಗಲೆಲ್ಲ ಮುಚ್ಚಳ ಅದುರಿ, ತೆರೆದಿದೆ, ಮುಚ್ಚಿದೆ, ತೆರೆದಿದೆ ಎಂದು ದಿನಕ್ಕೆ ನಾನೂರು ಸಲ ಬರುತ್ತಿತ್ತು. ತಲೆ ಚಿಟ್ಟು ಹಿಡಿಯುತ್ತಿತ್ತು. ರಿಪೇರಿಗೆ ಎರಡು ಸಲ ಬರೆದೆ, ಯಾರೂ ಬರಲಿಲ್ಲ. ಪರದೆಗೆ ಬರಬಾರದ ಮೆಸೇಜುಗಳ ಫೈಲೊಂದಿದೆ, ಅದಕ್ಕೆ ನಾನಿಟ್ಟ ಹೆಸರು "ಸುಮ್ನಿರು". ಮುಚ್ಚಳದ ಮೆಸೇಜನ್ನು ಮಾತ್ರ ಸೇರಿಸಬೇಕಿತ್ತು. ಅವಸರದಲ್ಲಿ 19 ಎಂದು ಹೊಡೆದು ಪಕ್ಕದಲ್ಲಿ ಒಂದು ನಕ್ಷತ್ರ ಇಟ್ಟೆ. ನಕ್ಷತ್ರ ಎಂದರೆ ಎಲ್ಲವೂ. ಮುಚ್ಚಳವೂ, ಸರಿ ಇದೆಯೂ, ಸಹಾಯವೂ. ಪರದೆ ತಣ್ಣಗಾಯಿತು. ನಾನೂ ತಣ್ಣಗಾದೆ. ಏಪ್ರಿಲ್‌ನಲ್ಲಿ ಮಾಡಿದ್ದು. ಜೂನ್ ಹೊತ್ತಿಗೆ ಮರೆತೇ ಹೋಗಿತ್ತು.

ನಾಳೆಯೇ ಆ ಫೈಲ್ ತೆರೆದು ಆ ಸಾಲನ್ನು ಅಳಿಸು. ಮಿಕ್ಕದ್ದೆಲ್ಲ ಆಮೇಲೆ.

ಯಂತ್ರದಲ್ಲಿ ಹುಡುಕಬೇಡ ತಂಗಿ. ಹಳೆಯ ದಾಖಲೆ ಇಷ್ಟು ಹೊತ್ತಿಗೆ ಅಳಿಸಿಹೋಗಿರುತ್ತದೆ. ಇದ್ದರೂ ಬೇಡ. ತಕ್ಷಣ ಹೋದ ಎಂದು ಡಾಕ್ಟರೇ ಬರೆದಿದ್ದಾರೆ. ಅಷ್ಟು ಸಮಾಧಾನವನ್ನಾದರೂ ನೀನೂ ನಿನ್ನ ಅತ್ತೆಯೂ ಇಟ್ಟುಕೊಳ್ಳಿ. ನನ್ನ ಮಾತು ಕೇಳು.

ಅಣ್ಣ

*

ಮಾರ್ಚ್ 15

ಸರ್,

ನಿಮ್ಮ ಕಾಗದ ಬರುವ ಮುಂಚೆಯೇ ಕೀಲಿ ಕೈ ಸಿಕ್ಕಿತ್ತು. ಯಂತ್ರ ಏನನ್ನೂ ಅಳಿಸಿಲ್ಲ. ಅದು ಅಳಿಸುವುದಿಲ್ಲ ಎಂದು ನಿಮಗೂ ಗೊತ್ತಿತ್ತು. ಜೂನ್ ಹನ್ನೊಂದರದ್ದನ್ನು ಕೈಯಲ್ಲೇ ನಕಲು ಮಾಡಿಕೊಂಡೆ. ನಿಮಗಾಗಿ ಇನ್ನೊಮ್ಮೆ ಬರೆಯುತ್ತಿದ್ದೇನೆ.

10:45 ಗುಂಡಿ 19: ಸರಿ ಇದೆ
10:52 ಗುಂಡಿ 19: ಮುಚ್ಚಳ ತೆರೆದಿದೆ
11:00 ಗುಂಡಿ 19: ಸರಿ ಇದೆ
11:07 ಗುಂಡಿ 19: ಸಹಾಯ
11:09 ಗುಂಡಿ 19: ಸಹಾಯ
11:15 ಗುಂಡಿ 19: ಸರಿ ಇದೆ
11:30 ಗುಂಡಿ 19: ಸರಿ ಇದೆ
11:31 ಗುಂಡಿ 19: ಸಹಾಯ
11:45 ಗುಂಡಿ 19: ಸರಿ ಇದೆ

ಆಮೇಲೆ ಮಧ್ಯಾಹ್ನ ಎರಡು ನಲವತ್ತಕ್ಕೆ ಅವರನ್ನು ಮೇಲೆತ್ತುವವರೆಗೂ ಕಾಲು ಗಂಟೆಗೊಮ್ಮೆ ಸರಿ ಇದೆ, ಸರಿ ಇದೆ. ಹಾಳಾದ ಆ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಲು ಹೋಗಿ ನಿಲ್ಲಿಸಿದೆ.

ತಿಳಿಸದೆ ಇಳಿದರು ಎಂಬುದು ಸುಳ್ಳು. ಮುಚ್ಚಳ ತೆರೆದು ತಿಳಿಸಿದ್ದಾರೆ, ಲಾರಿಗೆ ಅದುರಿದ್ದಾಗಿದ್ದರೆ ಮರುಕ್ಷಣವೇ ಮುಚ್ಚಿದೆ ಎಂದು ಬರುತ್ತಿತ್ತು. ಸ್ವಿಚ್ ಒತ್ತಿಲ್ಲ ಎಂಬುದು ಸುಳ್ಳು. ತಕ್ಷಣ ಹೋದರು ಎಂಬುದೂ ಸುಳ್ಳು. ಮೊದಲ ಸಲಕ್ಕೂ ಮೂರನೇ ಸಲಕ್ಕೂ ನಡುವೆ ಇಪ್ಪತ್ನಾಲ್ಕು ನಿಮಿಷ. ಆ ಗುಂಡಿ ನಮ್ಮ ಆಫೀಸಿನಿಂದ ಸೈಕಲ್ಲಿನಲ್ಲಿ ಒಂಬತ್ತು ನಿಮಿಷದ ದಾರಿ.

ಯಂತ್ರ ಇನ್ನೂ ಎರಡು ವಿಷಯ ಬರೆದಿಟ್ಟಿದೆ. ಅವತ್ತು ಬೆಳಿಗ್ಗೆ ಆರಕ್ಕೆ ಲಾಗಿನ್ ಆದವರು ನೀವು. ವರದಿಯಲ್ಲಿ "ಕರ್ತವ್ಯದಲ್ಲಿದ್ದ ಆಪರೇಟರ್" ಎಂದಷ್ಟೇ ಇತ್ತು, ಹೆಸರಿರಲಿಲ್ಲ. ಎರಡನೆಯದು, ಮಧ್ಯಾಹ್ನ ಮೂರು ಇಪ್ಪತ್ತಕ್ಕೆ, ಹೆಣ ಮೇಲೆತ್ತಿ ನಲವತ್ತು ನಿಮಿಷಕ್ಕೆ, ಯಾರೋ ನೆಲಮಾಳಿಗೆಗೆ ಇಳಿದು ಹತ್ತೊಂಬತ್ತರ ದಾಖಲೆ ತೆರೆದಿದ್ದಾರೆ. ಅದೂ ನೀವೇ. ಹಾಗಿದ್ದೂ ವಿಚಾರಣೆಯವರು ಕೇಳಿದಾಗ ಪರದೆಯಲ್ಲಿದ್ದದ್ದನ್ನು ಮಾತ್ರ ಪ್ರಿಂಟ್ ಮಾಡಿ ಕೊಟ್ಟಿದ್ದೀರಿ. ಪರದೆಯಲ್ಲಿ ಹತ್ತೊಂಬತ್ತರದ್ದು ಏನೂ ಇರಲಿಲ್ಲ.

ಅಣ್ಣ ಎಂದು ಕರೆದೆನಲ್ಲ, ನನಗೆ ನಾನೇ ಹೇಸಿಕೊಳ್ಳುವಂತಾಗಿದೆ.

ಮರುವಿಚಾರಣೆಗೆ ಮೇ ಐದು ಎಂದು ದಿನ ಕೊಟ್ಟಿದ್ದಾರೆ. ಯಂತ್ರದ ಸಮಯ ಸರಿಯಿರಲಿಲ್ಲ, ಪರೀಕ್ಷೆಯ ಮೆಸೇಜಾಗಿರಬಹುದು ಎಂದೆಲ್ಲ ಇಲಾಖೆಯ ವಕೀಲರು ಈಗಲೇ ಶುರು ಮಾಡಿದ್ದಾರೆ. ನೀವು ಮಾಡಿದ್ದನ್ನು, ನೋಡಿದ್ದನ್ನು ಬರೆದು, ಸಹಿ ಮಾಡಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಕಳಿಸಿ.

ಆಪರೇಟರ್

*

ಏಪ್ರಿಲ್ 20

ಸರ್,

ಐದು ವಾರವಾಯಿತು. ನಿಮ್ಮಿಂದ ಅಕ್ಷರವಿಲ್ಲ. "ಸರಿ ಇದೆ" ಬರದಿದ್ದರೆ ಎದ್ದು ನಿಲ್ಲು ಎಂದಿದ್ದಿರಿ. ನಿಂತೇ ಇದ್ದೇನೆ.

ಈ ಕಾಗದ ಬರೆಯುವ ಮನಸ್ಸಿರಲಿಲ್ಲ. ಆದರೆ ಒಂದು ವಿಷಯ ಹೇಳದಿದ್ದರೆ ನಾನೂ ನಿಮ್ಮಂತೆಯೇ ಆಗುತ್ತೇನೆ.

ಆ ನಕ್ಷತ್ರದ ಸಾಲನ್ನು ಮಾರ್ಚ್ ಹದಿನಾರಕ್ಕೆ ಅಳಿಸಿದೆ. ಮಾರನೇ ದಿನ ಹತ್ತೊಂಬತ್ತರಿಂದ ನಾನೂರ ಹನ್ನೆರಡು ಮೆಸೇಜು. ತೆರೆದಿದೆ, ಮುಚ್ಚಿದೆ, ತೆರೆದಿದೆ. ಮೊದಲ ವಾರ ಒಂದೊಂದನ್ನೂ ಓದಿದೆ. ಎರಡನೇ ವಾರ ಕಣ್ಣಾಡಿಸಿದೆ. ಮೂರನೇ ವಾರ ಹತ್ತೊಂಬತ್ತು ಎಂದು ಕಂಡರೆ ಕಣ್ಣು ತಾನಾಗಿ ಪಕ್ಕಕ್ಕೆ ಜಾರುತ್ತಿತ್ತು. ಬೇರೆ ಗುಂಡಿಗಳ ಮಾತು ಆ ಗಲಾಟೆಯಲ್ಲಿ ಮುಳುಗಿಹೋಗುತ್ತಿತ್ತು. ಇಪ್ಪತ್ತೇಳನೆಯದರ ಪಂಪು ನಿಂತಿದ್ದು ನನಗೆ ಗೊತ್ತಾದದ್ದು ಜನ ಬಂದು ನೀರಿಲ್ಲ ಎಂದು ಜಗಳ ತೆಗೆದ ಮೇಲೆ. ಸಾಹೇಬರು ಎಲ್ಲರೆದುರು ಉಗಿದರು.

ಏಪ್ರಿಲ್ ನಾಲ್ಕರಂದು ಹತ್ತು ಗಂಟೆಗೆ, ಒಂದೇ ಒಂದು ಗಂಟೆ ಎಂದುಕೊಂಡು, ಹತ್ತೊಂಬತ್ತನ್ನು ಮತ್ತೆ ಆ ಫೈಲಿಗೆ ಸೇರಿಸಿದೆ. ಹೌದು, ನಾನೇ, ನನ್ನ ಈ ಕೈಯಿಂದಲೇ. ಪರದೆ ತಣ್ಣಗಾಯಿತು. ಹಾಯ್ ಎನಿಸಿತು. ಆಮೇಲೆ ಏನೇನೋ ಕೆಲಸ ಬಂತು, ಮನೆಗೆ ಹೋದೆ, ಉಂಡೆ, ಮಲಗಿದೆ. ಮಾರನೇ ದಿನ ಪೈಲ್ವಾನ್ ಬಂದು, "ಅಕ್ಕಾ, ನಿನ್ನೆ ಮಧ್ಯಾಹ್ನ ನಿಮ್ ಫೋನ್ ಎಂಗೇಜ್ ಬರ್ತಿತ್ತು. ಹೇಗೂ ಈಗ ಪರದೆಯಲ್ಲಿ ಬರುತ್ತಲ್ಲ ಅಂತ ಹತ್ತೊಂಬತ್ತಕ್ಕೆ ಇಳ್ದು ಬಂದ್ವಿ" ಎಂದ. ಆಗ ನೆನಪಾಯಿತು. ಅವನ ಮುಂದೆಯೇ ಫೈಲ್ ತೆರೆದು ಆ ಸಾಲನ್ನು ಅಳಿಸಿದೆ.

ಅವರು ಮೇಲೆ ಬಂದಿದ್ದಾರೆ. ನಿಮಗೂ ನನಗೂ ಇರುವ ವ್ಯತ್ಯಾಸ ಅಷ್ಟೆ, ನನ್ನ ಮರೆವಿನಲ್ಲಿ ಯಾರೂ ಸಾಯಲಿಲ್ಲ.

ಅದೇ ಸಂಜೆ ಪೈಲ್ವಾನನನ್ನು ಕರೆದುಕೊಂಡು ಹತ್ತೊಂಬತ್ತಕ್ಕೆ ಹೋದೆ. ಮೊದಲ ಸಲ ಹೋಗಿದ್ದು. ಹಳೆಯ ಟೈರಿನಿಂದ ಬೆರಳಗಲದ ಒಂದು ರಬ್ಬರ್ ತುಂಡು ಕತ್ತರಿಸಿ ಮುಚ್ಚಳದ ಅಂಚಿಗೆ ಕೂರಿಸಿದ. ಹತ್ತು ನಿಮಿಷದ ಕೆಲಸ. ಲಾರಿಗಳು ಹೋದವು, ಮುಚ್ಚಳ ಅದುರಲಿಲ್ಲ. ಈಗ ಹತ್ತೊಂಬತ್ತು ಸುಮ್ಮನಿದೆ, ಯಾರೂ ಬಾಯಿ ಮುಚ್ಚಿಸದೆಯೇ. ಹತ್ತು ನಿಮಿಷ ಸರ್. ನೀವು ಬರೆದ ಎರಡು ಅರ್ಜಿಗಳು ಸಾಹೇಬರ ಕಪಾಟಿನಲ್ಲಿವೆ, ನಾನು ಕಣ್ಣಾರೆ ಕಂಡೆ. ಅವನ್ನೂ ವಿಚಾರಣೆಗೆ ಕೊಡುತ್ತೇನೆ. ಏಪ್ರಿಲ್ ನಾಲ್ಕರದ್ದನ್ನೂ ಬರೆದು ಕೊಡುತ್ತೇನೆ. ನನ್ನ ಕೆಲಸ ಹೋದರೆ ಹೋಗಲಿ.

ಹಾಗಾಗಿ ಆ ಬೆಳಿಗ್ಗೆ ಏನಾಯಿತೆಂದು ನನಗೆ ಅರ್ಥವಾಗುತ್ತದೆ. ಅರ್ಥವಾಗದೇ ಇದ್ದಿದ್ದರೆ ಚೆನ್ನಾಗಿತ್ತು, ನಿಮ್ಮನ್ನು ನೆಮ್ಮದಿಯಾಗಿ ದ್ವೇಷಿಸಬಹುದಿತ್ತು. ಅರ್ಥವಾಗದಿರುವುದು ಮಧ್ಯಾಹ್ನ ಮೂರು ಇಪ್ಪತ್ತು. ಅದನ್ನು ಓದಿ, ಮೆಟ್ಟಿಲು ಹತ್ತಿ ಮೇಲೆ ಬಂದು, ಮತ್ತೆ ಆ ದಿಂಬಿನ ಮೇಲೆ ಹೇಗೆ ಕೂತಿರಿ?

ಆಪರೇಟರ್

*

ಏಪ್ರಿಲ್ 27

ಅಮ್ಮಾ,

ತಲೆಯ ಮೇಲೆ ಕ್ಷೇಮ ಎಂದು ಬರೆಯಲಿಲ್ಲ.

ಕೇಳಿದ್ದನ್ನು ಲಗತ್ತಿಸಿದ್ದೇನೆ. ನಾಲ್ಕು ಪುಟ. ತಂಗಿಯ ಗಂಡನೂ ಇಲ್ಲಿನ ಪೋಸ್ಟ್ ಮಾಸ್ಟರೂ ಸಹಿ ಹಾಕಿದ್ದಾರೆ. ಓದಿ ಹಾಕಿದರು. ಆಮೇಲಿಂದ ತಂಗಿ ನನ್ನ ಗಂಜಿಯನ್ನು ಬಾಗಿಲಲ್ಲಿಟ್ಟು ಹೋಗುತ್ತಾಳೆ, ಒಳಗೆ ಬರುವುದಿಲ್ಲ. ಅದು ಸರಿಯೇ.

ಮೂರು ಇಪ್ಪತ್ತರ ಬಗ್ಗೆ ಕೇಳಿದೆ. ಯೋಚಿಸಿ ಮಾಡಿದ್ದೇನೂ ಅಲ್ಲ. ನಿವೃತ್ತಿಗೆ ಎರಡು ತಿಂಗಳಿತ್ತು. ಮೊದಲ ಸಾಲು ಓದಿದಾಗ ಮೇಲೆ ಹೋಗಿ ಹೇಳಬೇಕು ಎಂದುಕೊಂಡೆ. ಎರಡನೇ "ಸಹಾಯ" ಓದಿದಾಗಲೂ ಅಂದುಕೊಂಡೆ. ಮೂರನೆಯದನ್ನು ಓದಿದ ಮೇಲೆ ಹೇಳಲಾಗಲಿಲ್ಲ. ಹನ್ನೊಂದು ಮೂವತ್ತೊಂದಕ್ಕೆ ನಾನು ಎಲ್ಲಿದ್ದೆ ಎಂದು ನೆನಪಾಯಿತು. ಟೈಪಿಸ್ಟ್ ಹುಡುಗಿಗೆ ಮದುವೆ ಗೊತ್ತಾಗಿತ್ತು. ಅವಳು ಕೊಟ್ಟ ಸಿಹಿ ತಿನ್ನುತ್ತಾ, ಪರದೆಗೆ ಎದುರಾಗಿ ಕೂತು ನಗುತ್ತಿದ್ದೆ. ಪರದೆ ಎಷ್ಟು ಚೊಕ್ಕವಾಗಿತ್ತೆಂದರೆ, ಅವತ್ತು ಒಳ್ಳೆಯ ದಿನ ಎಂದುಕೊಂಡಿದ್ದೆ.

ನಿಮ್ಮ ಸಮಾಧಾನಕ್ಕಾಗಿ ಮುಚ್ಚಿಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಹೆದರಿ ಮುಚ್ಚಿಟ್ಟೆ. ಆಗಸ್ಟಿನಲ್ಲಿ ಗಂಟಲು ಕಟ್ಟಿತು. ಡಾಕ್ಟರು ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ. ಇರಲಿ.

ನಿನ್ನ ಮೊದಲ ಕಾಗದ ಬಂದಾಗ ಹರಿದು ಹಾಕಬಹುದಿತ್ತು. ನೀನು ಚೆನ್ನಾಗಿ ಕಲಿತರೆ ಒಂದು ದಿನ ನನ್ನನ್ನು ಹಿಡಿಯುತ್ತೀಯ ಎಂದು ಗೊತ್ತಿತ್ತು. ಕಲಿಸಿದೆ. ಇದನ್ನು ಪುಣ್ಯದ ಕಡೆಗೆ ಬರೆದುಕೋ ಎನ್ನುತ್ತಿಲ್ಲ. ನನ್ನ ಬಾಯಿಂದ ಹೇಳುವ ಧೈರ್ಯವಿರಲಿಲ್ಲ, ಆ ಕೆಲಸವನ್ನೂ ನಿನ್ನ ತಲೆಗೇ ಕಟ್ಟಿದೆ.

ಕ್ಷಮೆ ಕೇಳುವುದಿಲ್ಲ. ಏಪ್ರಿಲ್ ನಾಲ್ಕರ ವಿಷಯ ವಿಚಾರಣೆಯಲ್ಲಿ ಹೇಳಬೇಡ ಎಂದು ಬರೆಯಲು ಹೋಗಿ ಹೊಡೆದುಹಾಕಿದೆ. ಹೇಳು.

ಹಳೆಯ ಆಪರೇಟರ್

*

ಮೇ 19

ಸರ್,

ವಿಚಾರಣೆ ಮುಗಿಯಿತು. ನಿಮ್ಮ ನಾಲ್ಕು ಪುಟಗಳನ್ನು ಗಟ್ಟಿಯಾಗಿ ಓದಿಸಿದರು. ಸಾಹೇಬರು ಕೆಳಗೆ ನೋಡುತ್ತಾ ಕೂತಿದ್ದರು. "ಸ್ವಂತ ನಿರ್ಲಕ್ಷ್ಯ" ಎಂಬ ಸಾಲನ್ನು ತೆಗೆದಿದ್ದಾರೆ. ನಿಮ್ಮ ಮೇಲೆ ಮೊಕದ್ದಮೆ ಹೂಡುತ್ತಾರಂತೆ, ನೋಟಿಸು ಬರಬಹುದು. ನನಗೆ ಎಚ್ಚರಿಕೆಯ ಪತ್ರ ಕೊಟ್ಟು ಕೆಲಸದಲ್ಲಿ ಉಳಿಸಿದ್ದಾರೆ. "ಸುಮ್ನಿರು" ಫೈಲಿಗೆ ಈಗ ಇಬ್ಬರ ಸಹಿಯಿಲ್ಲದೆ ಏನನ್ನೂ ಸೇರಿಸುವಂತಿಲ್ಲ. ನಿಮ್ಮ ದಿಂಬನ್ನು ನೆಲಮಾಳಿಗೆಯಲ್ಲಿಟ್ಟಿದ್ದೇನೆ.

ಹೊಸ ವರದಿಯನ್ನು ಮನೆಗೆ ತಂದು ಅತ್ತೆಯ ಮುಂದೆ ಕೂತು ಓದಿದೆ. ಎಲ್ಲವನ್ನೂ ಓದಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಇಪ್ಪತ್ನಾಲ್ಕು ನಿಮಿಷವನ್ನು ಬಿಟ್ಟುಬಿಡೋಣ, ತಪ್ಪು ಅವರದಲ್ಲ ಎಂದಷ್ಟೇ ಹೇಳೋಣ ಎಂದುಕೊಂಡೆ. ಆಮೇಲೆ ನಿಮ್ಮ ನೆನಪಾಯಿತು. ಎಲ್ಲವನ್ನೂ ಓದಿದೆ.

ಅವರು ಕೇಳಿದರು, "ಕರೆದ್ನಾ?"

"ಹೂಂ ಅತ್ತೆ."

"ಎಷ್ಟು ಸಲ?"

"ಮೂರು ಸಲ."

"ಯಾರೂ ಓ ಅನ್ನಲಿಲ್ವಾ?"

ಇಲ್ಲವೆಂದು ತಲೆಯಾಡಿಸಿದೆ. ಅವರು ಅಳುತ್ತಾರೆ ಎಂದು ಕಾದೆ. ಅಳಲಿಲ್ಲ. ಟ್ರಂಕು ತೆರೆದು ಫೋಟೋ ತಂದು, ಸೆರಗಿನಿಂದ ಗಾಜು ಒರೆಸಿ, ಅದೇ ಮೊಳೆಗೆ ತಗುಲಿಹಾಕಿದರು. ಆ ಮೂರು ಸಮಯಗಳನ್ನು ದೊಡ್ಡ ಅಂಕಿಗಳಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಡು ಎಂದರು. ಬರೆದುಕೊಟ್ಟೆ. ಗಡಿಯಾರದ ಕೆಳಗೆ ಅಂಟಿಸಿಕೊಂಡಿದ್ದಾರೆ.

ಅದು ಯಾಕೆಂದು ಮೊದಲು ನನಗೆ ಗೊತ್ತಿರಲಿಲ್ಲ. ಮೊನ್ನೆ ಭಾನುವಾರ ಮನೆಯಲ್ಲಿದ್ದೆ. ಹನ್ನೊಂದು ಏಳಕ್ಕೆ ಅಡುಗೆಮನೆಯಿಂದ "ಓ" ಎಂದರು. ನನ್ನನ್ನೇ ಕರೆದರೇನೋ ಎಂದು ಎದ್ದು ಹೋದೆ. ಒಲೆ ಆರಿಸಿ, ಕೈ ಒರೆಸಿಕೊಂಡು ನಿಂತಿದ್ದರು. ಹನ್ನೊಂದು ಒಂಬತ್ತಕ್ಕೆ ಮತ್ತೆ, "ಓ, ಬಂದೆ ಮಗಾ." ಆಮೇಲೆ ಬೀದಿ ಬಾಗಿಲು ತೆರೆದು ಹೊಸ್ತಿಲಿನ ಮೇಲೆ ನಿಂತರು. ಪಕ್ಕದ ಮನೆಯವಳು ಏನು ಅಂತ ಕೇಳಿದಳು, ರಸ್ತೆಯ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಹನ್ನೊಂದು ಮೂವತ್ತೊಂದಕ್ಕೆ ಮೂರನೇ ಸಲ ಓ ಎಂದು ಒಳಗೆ ಬಂದು ಒಲೆ ಹಚ್ಚಿದರು. ದಿನಾಲೂ ಹೀಗೇ ನಡೆಯುತ್ತಿದೆಯಂತೆ. ನಡುವಿನ ಆ ಇಪ್ಪತ್ತೆರಡು ನಿಮಿಷ ಬಾಗಿಲು ಬಿಟ್ಟು ಕದಲುವುದಿಲ್ಲ.

ಆಪರೇಟರ್